ಸಂಪಾದಕರ ಮಾತು: ಆದ್ಯಂತವಾಗಿ ಕೇಳಿದ ಆಟ

ಪ್ರತಿವರ್ಷವೂ ಅಕ್ಟೋಬರ್ 13ರ ಮಧ್ಯಾಹ್ನ, ಅಮೆರಿಕದ ಪಿಟ್ಸ್‌ಬರ್ಗ್ ನಗರದ ಓಕ್‌ಲ್ಯಾಂಡ್ ಭಾಗದಲ್ಲಿ, ವಿಶ್ವವಿದ್ಯಾನಿಲಯದ ಕಟ್ಟಡಗಳ ಮಗ್ಗುಲಲ್ಲಿ ಉಳಿದುಕೊಂಡಿರುವ ಹಳೆಯ ಇಟ್ಟಿಗೆ ಗೋಡೆಯೊಂದರ ಬಳಿ ಜನರು ಮಡಿಸುವ ಕುರ್ಚಿಗಳನ್ನು ಹಾಕಿಕೊಂಡು ಕುಳಿತು, 1960ನೆಯ ಇಸವಿಯ ಅದೇ ದಿನ ಅದೇ ನೆಲದ ಮೇಲೆ ನಡೆದ ಬೇಸ್‌ಬಾಲ್ ಪಂದ್ಯವೊಂದರ ರೇಡಿಯೋ ವೀಕ್ಷಕ ವಿವರಣೆಯನ್ನು ಮೊದಲ ಎಸೆತದಿಂದ ಕಡೆಯ ಹೊಡೆತದವರೆಗೂ ಕೇಳುವರು. ಪಿಟ್ಸ್‌ಬರ್ಗ್ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಹೆಚ್ಚಾಗಿ ಆ ನಗರದ ಹೊರವಲಯದ ಗುಡ್ಡದ ಮೇಲೆ 1970ರ ದಶಕದಲ್ಲಿ ಪ್ರತಿಷ್ಠೆಗೊಂಡ ವೆಂಕಟೇಶ್ವರ ದೇವಾಲಯ. ಆ ಊರಿನ ಹಳೆಯ ನಿವಾಸಿಗಳಿಗಾದರೋ ಈ ಗೋಡೆಯೂ ಅಷ್ಟೇ ಆಪ್ತವಾದುದು. 1909ರಲ್ಲಿ ತೆರೆದು 1970ರಲ್ಲಿ ಮುಚ್ಚಿಹೋದ ಫೋರ್ಬ್ಸ್ ಫೀಲ್ಡ್ ಎಂಬ ಕ್ರೀಡಾಂಗಣದ ಅವಶೇಷವದು. ಆ ಪಂದ್ಯದ ಕಡೆಯ ಹೊಡೆತದ ಚೆಂಡು ದಾಟಿಹೋದ ಗೋಡೆಯ ಭಾಗವೇ ಇಂದಿಲ್ಲ. ಕಾಲುದಾರಿಯಲ್ಲಿ ಹುದುಗಿಸಿದ ಇಟ್ಟಿಗೆಗಳ ಸಾಲೊಂದು ಅದರ ಸ್ಥಾನವನ್ನು ಸೂಚಿಸುತ್ತದೆ.

ಫಲಿತಾಂಶವನ್ನು ಬಲ್ಲವರೇ ಹೀಗೆ ಎರಡೂವರೆ ಗಂಟೆಗಳ ಕಾಲ ಕಿವಿಗೊಟ್ಟು ಕೂರುವುದನ್ನು ಕಂಡು ಆಶ್ಚರ್ಯಪಡುವ ಅಧಿಕಾರ ಕನ್ನಡಿಗರಿಗಿಲ್ಲ. ಕರ್ಣಾವಸಾನವನ್ನು ಬಾಲ್ಯದಿಂದಲೂ ಅರಿತವರು ಗಮಕಿಯ ಮುಂದೆ ಮತ್ತೆ ಮತ್ತೆ ಕುಳಿತು ಕಣ್ಣೊರಸಿಕೊಂಡ ನಾಡು ನಮ್ಮದು.

ಅಂದಿನ ಪದ್ಧತಿಯಲ್ಲಿ, ಋತುವಿಡೀ ಆಡಿ ನ್ಯಾಷನಲ್ ಲೀಗಿನಲ್ಲಿಯೂ ಅಮೆರಿಕನ್ ಲೀಗಿನಲ್ಲಿಯೂ ಅಗ್ರಸ್ಥಾನವನ್ನು ಪಡೆದ ಒಂದೊಂದು ತಂಡ ಮಾತ್ರವೇ ನೇರವಾಗಿ ವರ್ಲ್ಡ್ ಸೀರೀಸಿನಲ್ಲಿ ಎದುರುಬದುರಾಗುತ್ತಿದ್ದವು. 1925ರಿಂದಲೂ ಆ ಪ್ರಶಸ್ತಿಯನ್ನು ಕಾಣದಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಎದುರಾಳಿಯಾಗಿ ಬಂದುದು ಮಿಕಿ ಮ್ಯಾಂಟಲ್, ಯೋಗಿ ಬೆರಾ ಮೊದಲಾದ ಮಹಾರಥರಿದ್ದ ನ್ಯೂಯಾರ್ಕ್ ಯಾಂಕೀಸ್. ಯಾಂಕೀಸ್ ತಾನು ಗೆದ್ದ ಮೂರು ಪಂದ್ಯಗಳನ್ನು 16-3, 10-0, 12-0ರಂತೆ ಗೆದ್ದಿತು. ಏಳೂ ಪಂದ್ಯಗಳ ಮೊತ್ತವನ್ನು ಕೂಡಿದರೆ ಅದರ ರನ್ನುಗಳು 55, ಪೈರೇಟ್ಸಿನವು 27. ಆದರೂ ಮೂರು ಮೂರು ಪಂದ್ಯಗಳ ಸಮಬಲದಲ್ಲಿ ಏಳನೆಯದಕ್ಕೆ ಬಂದು ನಿಂತಿದ್ದವು ಎರಡೂ ತಂಡಗಳು.

ಆ ಏಳನೆಯ ಪಂದ್ಯದ ಎಂಟನೆಯ ಇನ್ನಿಂಗ್ಸನ್ನು ಅವಸರವಿಲ್ಲದೆ ಹೇಳಬೇಕು. ಯಾಂಕೀಸ್ 7-4ರಿಂದ ಮುಂದಿದ್ದಾಗ, ಪೈರೇಟ್ಸಿನ ಬಿಲ್ ವರ್ಡನ್ ಹೊಡೆದ, ಸುಲಭವಾಗಿ ಕೈಗೆ ಸಿಗಬೇಕಾಗಿದ್ದ ಚೆಂಡು ನೆಲದ ಯಾವುದೋ ಉಬ್ಬಿಗೆ ತಗುಲಿ ನೆಗೆದು ಯಾಂಕೀಸಿನ ಶಾರ್ಟ್‌ಸ್ಟಾಪ್ ಎಂಬ ಸ್ಥಾನದ ಕ್ಷೇತ್ರರಕ್ಷಕ ಟೋನಿ ಕ್ಯೂಬೆಕ್ಕನ ಕಂಠಕ್ಕೆ ಬಡಿಯಿತು. ಮುಂದೆ ಇಬ್ಬರು ಔಟಾದ ಮೇಲೆ ರೊಬರ್ಟೊ ಕ್ಲೆಮೆಂಟೆ ಮೊದಲ ಬೇಸಿನ ಕಡೆಗೆ ಹೊಡೆದ ದುರ್ಬಲವಾದ ಪುಟಿಚೆಂಡು ಇನ್ನಿಂಗ್ಸನ್ನೇ ಮುಗಿಸಬೇಕಾಗಿತ್ತು; ಆತನು ಚೆಂಡೆಸೆಯುವ ಪಿಚರನಿಗಿಂತ ಮೊದಲೇ ಓಡಿ ಬೇಸನ್ನು ಮುಟ್ಟಿ ಇನ್ನಿಂಗ್ಸನ್ನು ಬದುಕಿಸಿದನು. ಅವನ ಬೆನ್ನಿಗೇ ಹ್ಯಾಲ್ ಸ್ಮಿತ್ ಚೆಂಡನ್ನು ಗೋಡೆಯಾಚೆಗೆ ಅಟ್ಟಿ ಮೂರು ರನ್ನುಗಳ ಹೋಮ್ ರನ್ ಹೊಡೆದು, ಆ ಇನ್ನಿಂಗ್ಸಿನಲ್ಲಿ ಮೊದಲೇ ಬಂದಿದ್ದ ರನ್ನುಗಳೊಡನೆ ಪೈರೇಟ್ಸಿಗೆ 9-7ರ ಮುನ್ನಡೆಯನ್ನು ತಂದನು. ಒಂಬತ್ತನೆಯದರಲ್ಲಿ ಯಾಂಕೀಸ್ ಎರಡು ರನ್ ಗಳಿಸಿ ಸಮಮಾಡಿತು, ಅನಂತರ ಪೈರೇಟ್ಸಿನ ಸರದಿಯಲ್ಲಿ ಮೊದಲು ಬ್ಯಾಟು ಹಿಡಿದು ಬಂದ, ಬ್ಯಾಟಿಗಿಂತ ಕ್ಷೇತ್ರರಕ್ಷಣೆಗೇ ಹೆಸರಾಗಿದ್ದ ಬಿಲ್ ಮ್ಯಾಜರಾಸ್ಕಿ, ರಾಲ್ಫ್ ಟೆರಿಯ ಎರಡನೆಯ ಎಸೆತವನ್ನು ಎಡಭಾಗದ ಗೋಡೆಯಾಚೆಗೆ ಅಟ್ಟಿದಾಗ ಗಂಟೆ 3:36, ಪಂದ್ಯ 10-9. ವರ್ಲ್ಡ್ ಸೀರೀಸಿನ ಏಳನೆಯ ಪಂದ್ಯವೊಂದು ಅಂತಿಮ ಹೊಡೆತವಾಗಿ ಬಂದ ಹೋಮ್ ರನ್ನಿನಿಂದ ಮುಗಿದುದು ಅಂದು ಮಾತ್ರ. ರೇಡಿಯೋದಲ್ಲಿ ಚಕ್ ಥಾಂಪ್ಸನ್ ಆ ಉದ್ವೇಗದಲ್ಲಿ ಪಿಚರನ ಹೆಸರನ್ನೇ ತಪ್ಪಾಗಿ ಹೇಳಿದನು, ಸ್ಕೋರನ್ನು ಕೂಡ ಒಮ್ಮೆ ತಪ್ಪಿ ಆಮೇಲೆ ತಿದ್ದಿಕೊಂಡನು. ಗೋಡೆಯ ಬಳಿ ಕುಳಿತವರಿಗೆ ಆ ತಪ್ಪುಗಳೂ ಪ್ರಿಯವಾದವು, ಏಕೆಂದರೆ ಒಬ್ಬ ಮನುಷ್ಯನು ತನ್ನನ್ನೇ ಮರೆತ ಗಳಿಗೆಯ ಸಾಕ್ಷಿ ಅವು.

ಅಂದು ಗುರುವಾರ. ಶಾಲೆ, ಕಚೇರಿ, ಕಾರ್ಖಾನೆಗಳು ನಡೆಯುತ್ತಿದ್ದ ಹಗಲಿನಲ್ಲೇ ಆಟವೂ ನಡೆದುದರಿಂದ, ಕೆಲಸದ ನಡುವೆ ಕದ್ದು ಕೇಳಿದ ಸುದ್ದಿಗೆ ಇಡೀ ಊರಿನ ಏಕಕಾಲದ ಉಸಿರು ಸೇರಿಕೊಂಡಿತ್ತು. ಆ ಕ್ರಮ ಮುಂದೆ ಬದಲಾಗುತ್ತ ಹೋಯಿತು. 1969ರಲ್ಲಿ ಲೀಗುಗಳು ವಿಭಾಗಗಳಾಗಿ ಒಡೆದು ವರ್ಲ್ಡ್ ಸೀರೀಸಿಗೆ ಮುನ್ನ ಮತ್ತೊಂದು ಸುತ್ತು ಬಂದಿತು. 1971ರಲ್ಲಿ, ಅದೂ ಅಕ್ಟೋಬರ್ 13ರಂದೇ, ಅದೂ ಪಿಟ್ಸ್‌ಬರ್ಗಿನಲ್ಲೇ, ವರ್ಲ್ಡ್ ಸೀರೀಸಿನ ಮೊದಲ ರಾತ್ರಿಯ ಪಂದ್ಯ ನಡೆಯಿತು. 2022ರಿಂದೀಚೆಗೆ ಹನ್ನೆರಡು ತಂಡಗಳು ಋತುವಿನ ಬಳಿಕವೂ ಆಡುತ್ತಿವೆ. ಹಗಲು ದುಡಿಯುವವನು ರಾತ್ರಿ ಮನೆಯಲ್ಲಿ ನೆಮ್ಮದಿಯಾಗಿ ಕುಳಿತು ಆಟವನ್ನು ನೋಡುವಂತಾದುದು ನ್ಯಾಯವಾದ ಲಾಭವೇ. ಅದನ್ನು ಹಳಿಯಲು ನಮಗೆ ಮನಸ್ಸಿಲ್ಲ. ಆದರೆ ನಿರ್ಣಾಯಕವಾದ ಪಂದ್ಯ ಮಕ್ಕಳು ಮಲಗಿದ ಮೇಲೆ ಮುಗಿಯುವಂತಾದರೆ, ಮುಂದಿನ ತಲೆಮಾರಿನ ನೆನಪು ಎಲ್ಲಿಂದ ಹುಟ್ಟಬೇಕು ಎಂಬ ಹಳೆಯ ಅಭಿಮಾನಿಗಳ ಪ್ರಶ್ನೆ ಕೇವಲ ವೃದ್ಧರ ಗೊಣಗಾಟವೆಂದು ತಳ್ಳಿಹಾಕತಕ್ಕದ್ದಲ್ಲ.

ಗತಕಾಲದ ಹಂಬಲದಲ್ಲಿ ಎರಡು ಬಗೆಗಳುಂಟೆಂದು ನಮ್ಮ ಭಾವನೆ. ಒಂದು, ಮ್ಯಾಜರಾಸ್ಕಿ ಟೋಪಿಯನ್ನು ಬೀಸುತ್ತ ಓಡುವ ಚಿತ್ರವೊಂದನ್ನೇ ಗೋಡೆಗೆ ತೂಗುಹಾಕಿ, ಅಂದಿನದೆಲ್ಲವೂ ಚಿನ್ನ, ಇಂದಿನದೆಲ್ಲವೂ ಹಿತ್ತಾಳೆ ಎನ್ನುವಂಥದು. ಕರಿಯ ಆಟಗಾರರಿಗೆ 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ದಶಕಗಳ ಕಾಲ ಬಾಗಿಲು ಮುಚ್ಚಿದ್ದ ಕ್ರೀಡೆ ಇದೆಂಬುದನ್ನೂ, ಪೋರ್ಟೊ ರಿಕೊದಿಂದ ಬಂದ ಕ್ಲೆಮೆಂಟೆಗೆ 1960ರ ಶ್ರೇಷ್ಠ ಆಟಗಾರನ ಮತದಾನದಲ್ಲಿ ಎಂಟನೆಯ ಸ್ಥಾನ ಮಾತ್ರ ದಕ್ಕಿ, ಆ ನೋವು ಅವನ ಮನಸ್ಸಿನಲ್ಲಿ ಬಹುಕಾಲ ಉಳಿದುದನ್ನೂ ಆ ಬಗೆಯ ಹಂಬಲ ಮರೆಯುವುದು. ಇನ್ನೊಂದು, ಆದ್ಯಂತವಾಗಿ ಕೇಳುವ ಹಂಬಲ. ಪೂರ್ತಿಯಾಗಿ ಕೇಳಿದವನಿಗೆ ಕ್ಲೆಮೆಂಟೆಯ ಆ ಓಟವಿಲ್ಲದೆ ಸ್ಮಿತ್ತನ ಹೊಡೆತವಿಲ್ಲ, ಸ್ಮಿತ್ತನದಿಲ್ಲದೆ ಮ್ಯಾಜರಾಸ್ಕಿಯದೂ ಇಲ್ಲ ಎಂಬುದು ತಾನಾಗಿಯೇ ತಿಳಿಯುವುದು. ಅರ್ಧ ಇನ್ನಿಂಗ್ಸಿನ ಮಟ್ಟಿಗೆ ಮಹಾವೀರನಾಗಿದ್ದು ಆಮೇಲೆ ಜನರ ನೆನಪಿನಿಂದ ಸರಿದುಹೋದ ಹ್ಯಾಲ್ ಸ್ಮಿತ್, ವರ್ಷಕ್ಕೊಮ್ಮೆ ಆ ಮಧ್ಯಾಹ್ನ ತನಗೆ ಸಲ್ಲಬೇಕಾದ ಹರ್ಷೋದ್ಗಾರವನ್ನು ಮರಳಿ ಪಡೆಯುವನು. 1972ರ ಕಡೆಯ ದಿನ, ಭೂಕಂಪದಿಂದ ನೊಂದ ನಿಕರಾಗುವದ ಜನರಿಗೆ ನೆರವಿನ ಸಾಮಗ್ರಿಯನ್ನು ಕೊಂಡೊಯ್ಯುತ್ತಿದ್ದ ವಿಮಾನ ಬಿದ್ದು ಮಡಿದ ಕ್ಲೆಮೆಂಟೆಯ ಹೆಸರನ್ನು ಇಂದು ಆ ಗೋಡೆಯ ಪಕ್ಕದ ಬೀದಿಯೇ ಹೊತ್ತಿದೆ.

ಇಂಥ ಪಂದ್ಯದ ದೂರದರ್ಶನ ಪ್ರಸಾರವನ್ನು ಕಾಪಾಡಿಕೊಳ್ಳಬೇಕೆಂದು ಆ ಕಾಲದ ಪ್ರಸಾರ ಸಂಸ್ಥೆಗಳಿಗೆ ತೋಚಲಿಲ್ಲ. ಅದು ಉಳಿದುದು ಒಬ್ಬನ ಅಳುಕಿನಿಂದ. ಪೈರೇಟ್ಸ್ ತಂಡದ ಪಾಲುದಾರನಾಗಿದ್ದ ಗಾಯಕ ಬಿಂಗ್ ಕ್ರಾಸ್ಬಿ, ಕಣ್ಣಾರೆ ನೋಡುವ ಧೈರ್ಯವಿಲ್ಲದೆ ಪ್ಯಾರಿಸ್ಸಿಗೆ ಹೋಗಿ, ಮರಳಿದ ಮೇಲೆ ನೋಡೋಣವೆಂದು ಪ್ರಸಾರವನ್ನು ಫಿಲ್ಮಿಗೆ ಇಳಿಸುವ ಏರ್ಪಾಡು ಮಾಡಿದ್ದನು. ಆ ಐದು ಸುರುಳಿಗಳು ಅವನ ಮನೆಯ ದ್ರಾಕ್ಷಾಮದ್ಯದ ನೆಲಮಾಳಿಗೆಯಲ್ಲಿ ಸಿಕ್ಕಿದ್ದು 2009ರ ಡಿಸೆಂಬರಿನಲ್ಲಿ, ಅವನು ತೀರಿಕೊಂಡು ಮೂವತ್ತೆರಡು ವರ್ಷಗಳಾದ ಮೇಲೆ. ಮರುವರ್ಷ ಪಿಟ್ಸ್‌ಬರ್ಗಿನ ರಂಗಮಂದಿರವೊಂದರಲ್ಲಿ, ಅಂದು ಆಡಿದ್ದ ಕೆಲವರೂ ಕುಳಿತಿರಲು, ಅದನ್ನು ತೋರಿಸಲಾಯಿತು. ಸೋತ ಪಕ್ಷಕ್ಕೂ ಅದರಿಂದ ನ್ಯಾಯ ದೊರೆಯಿತೆಂಬುದು ನಮಗೆ ವಿಶೇಷ ಸಂತೋಷದ ವಿಷಯ: ಒಂಬತ್ತನೆಯ ಇನ್ನಿಂಗ್ಸಿನಲ್ಲಿ, ಔಟಾದನೆಂದೇ ಎಲ್ಲರೂ ಎಣಿಸುವಷ್ಟರಲ್ಲಿ ಮ್ಯಾಂಟಲ್ ಹಿಂದಕ್ಕೆ ಧುಮುಕಿ, ಚೆಂಡು ಹಿಡಿದು ನಿಂತಿದ್ದವನ ಕೈಯಿಂದ ನುಣುಚಿಕೊಂಡು ಬೇಸನ್ನು ಮುಟ್ಟಿದುದೂ, ಆ ನಡುವೆ ಮೂರನೆಯ ಬೇಸಿನಿಂದ ಓಡಿಬಂದ ಜತೆಗಾರನು ಸಮಬಲದ ರನ್ನನ್ನು ಗಳಿಸಿದುದೂ ಈಗ ಯಾರು ಬೇಕಾದರೂ ಕಣ್ಣಾರೆ ಕಾಣಬಹುದು.