ಬಾಯ್ಲ್ ನಿಯಮವೂ ಅಕ್ಕನ ಪರೀಕ್ಷೆಯೂ

ಅಮೆರಿಕದಲ್ಲಿ ಐಸಿಯು ನರ್ಸ್ ಆಗಿರುವ ನಮ್ಮಕ್ಕ ಈಗ ಸಿಎಫ್‌ಆರ್‌ಎನ್ ಪರೀಕ್ಷೆಗೆ ಓದ್ತಿದ್ದಾಳೆ. ಹೆಲಿಕಾಪ್ಟರ್, ಪುಟ್ಟ ವಿಮಾನಗಳಲ್ಲಿ ರೋಗಿಗಳನ್ನು ಸಾಗಿಸುವ ನರ್ಸುಗಳ ಸರ್ಟಿಫಿಕೇಶನ್ ಅದು. ಮೂರು ಗಂಟೆ, 175 ಪ್ರಶ್ನೆ. ಅದರಲ್ಲಿ 25ಕ್ಕೆ ಅಂಕವೇ ಇಲ್ಲ, ಯಾವ 25 ಅಂತ ಹೇಳೋದೂ ಇಲ್ಲ!

ಭಾನುವಾರ ಫೋನಿನಲ್ಲಿ ಪ್ರಶ್ನೆ ಕೇಳೋ ಕೆಲಸ ನನ್ನದು. ಸರ್ಟಿಫಿಕೇಶನ್ ಅಂದ್ರೆ ನಮ್ಮ ಸಾಫ್ಟ್‌ವೇರಿನವರಿಗೆ ಗೊತ್ತಲ್ಲ, ರಾತ್ರಿ ಡಂಪ್ಸ್ ಉರು ಹೊಡೆದು ಬೆಳಿಗ್ಗೆ ಪಾಸು :) ನಾನೂ ಹಾಗೆ ಪಾಸಾದವನೇ. ಅಕ್ಕನಿಗೂ ಅದನ್ನೇ ಹೇಳಿದೆ.

"ಲೋ, ರೋಗಿಯ ಶ್ವಾಸನಾಳದಲ್ಲಿ ಟ್ಯೂಬ್ ಇದೆ, ಅದರ ಕಫ್‌ನಲ್ಲಿ ಗಾಳಿ ತುಂಬಿದೆ. ಮೇಲೆ ಹೋದ ಹಾಗೆ ಏನಾಗತ್ತೆ ಹೇಳು" ಅಂದಳು. ಪಿಯುಸಿಯ ಬಾಯ್ಲ್ ನಿಯಮ ನೆನಪಿತ್ತು, ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗತ್ತೆ ಅಂದೆ. "ಹಿಗ್ಗಿದರೆ ನಾಳದ ಗೋಡೆ ಒತ್ತಿ ಅಲ್ಲಿ ರಕ್ತ ಹರಿಯಲ್ಲ. ಮೇಲೆ ಗಾಳಿ ತೆಗೆದರೆ, ಇಳಿಯುವಾಗ ಕಫ್ ಕುಗ್ಗಿ ಸೋರತ್ತೆ. ಯಾವ ಡಂಪ್ಸ್‌ನಲ್ಲಿದೆ ನಿಂದು?" ಎದೆಯೊಳಗೆ, ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿದ್ದರೆ ಅದೂ ಹೀಗೇ ಹಿಗ್ಗುತ್ತದಂತೆ. ನಾನು ಸುಮ್ಮನಾದೆ.

ನನ್ನ ತಕರಾರು ಬೇರೆ. ಪರೀಕ್ಷೆ ನಡೆಸುವ ಬಿಸಿಇಎನ್ ಎರಡು ವರ್ಷದ ಅನುಭವ ಇದ್ದರೆ ಒಳ್ಳೇದು ಅನ್ನತ್ತೆ, ಕಡ್ಡಾಯ ಮಾಡಿಲ್ಲ. ಮಾಡಬೇಕು ಅಂತ ನನ್ನ ವಾದ. ನನ್ನ ಉರು ಹೊಡೆದ ಪಾಸಿನಿಂದ ಹೆಚ್ಚೆಂದರೆ ಸರ್ವರ್ ಬಿದ್ದೀತು... ಅಕ್ಕ ಒಪ್ಪಲಿಲ್ಲ. ಕೆಲಸ ಕೊಡೋರು ಅನುಭವ ಕೇಳಿಯೇ ಕೇಳ್ತಾರೆ ಅಂತಾಳೆ. ಹಾಗಾದರೆ ಪರೀಕ್ಷೆಯವರೇ ಕೇಳಲಿ, ಏನಂತೀರಿ?

ಮುಂದಿನ ಭಾನುವಾರ ಡಾಲ್ಟನ್ ನಿಯಮವಂತೆ. ನಾನೂ ಓದ್ಕೊಂಡು ಕೂರಬೇಕು.