ಮಾಡೆಲ್ ಇಳಿಸಿಕೊಂಡರೆ ಮಷೀನ್ ಆಗುತ್ತಾ ಸ್ವಾಮಿ?

ಮನೆಯಲ್ಲೇ ಸಿಎನ್‌ಸಿ ಕಟ್ಟುವ ಹುಡುಗರು ಈಗ ಹೆಚ್ಚಾಗಿದ್ದಾರೆ, ಸಂತೋಷ. ಆದರೆ ಮೋಟಾರು, ಬಾಲ್ ಸ್ಕ್ರೂ, ರೈಲು, ಎಲ್ಲದರ ಕ್ಯಾಡ್ ಮಾಡೆಲ್ ನೆಟ್‌ನಿಂದ ಪುಕ್ಕಟೆ ಇಳಿಸಿ, ಪರದೆ ಮೇಲೆ ಜೋಡಿಸಿ, "ಡಿಸೈನ್ ಮುಗೀತು ಅಂಕಲ್" ಅಂತಾರೆ. ಏನು ಮುಗೀತು, ಮಣ್ಣು!

ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ನಾನೂ ಇದೇ ತಪ್ಪು ಮಾಡಿದವನೇ. ಇಳಿಸಿಕೊಂಡ ನೆಮಾ 23 ಮೋಟಾರಿನ ಮಾಡೆಲ್‌ನಲ್ಲಿ ಶಾಫ್ಟು 6.35 ಮಿ.ಮೀ. ಅದನ್ನೇ ನಂಬಿ ಕಪ್ಲಿಂಗ್ ತಂದಿಟ್ಟೆ. ಆಮೇಲೆ ಲ್ಯಾಮಿಂಗ್ಟನ್ ರೋಡಿನಿಂದ ಹೊತ್ತು ತಂದ ಮೋಟಾರಿನದು 8! ಅಂಗಡಿಯವನದೇನೂ ತಪ್ಪಿಲ್ಲ. ನೆಮಾ 23 ಅಂದರೆ ಮುಖದ ಅಳತೆ ಅಷ್ಟೇ: ಸುಮಾರು 2.3 ಇಂಚು ಚೌಕ, ಬೋಲ್ಟಿನ ತೂತುಗಳ ನಡುವೆ 47.14 ಮಿ.ಮೀ. ಮೋಟಾರು ಎಷ್ಟು ಉದ್ದ, ಶಾಫ್ಟು ಎಷ್ಟು ದಪ್ಪ ಅಂತ ಆ ಹೆಸರು ಹೇಳೋದೇ ಇಲ್ಲ.

ಇನ್ನು ರೈಲು. ಪರದೆಯಲ್ಲಿ ಎರಡೂ ಸಮಾನಾಂತರವಾಗೇ ಇರುತ್ತವೆ, ಯಾಕಿರಲ್ಲ? ನಿಜವಾದ ಪ್ಲೇಟು ಒಂಚೂರು ತಿರುಚಿದ್ದರೂ ಸಾಕು, ಗಾಡಿ ಅರ್ಧದಲ್ಲೇ ಕಚ್ಚಿಕೊಳ್ಳುತ್ತೆ.

ಮಾಡೆಲೇ ಬೇಡ ಅನ್ನುತ್ತಿಲ್ಲ ಮಾರಾಯ್ರೆ. ಯಾವುದು ಯಾವುದಕ್ಕೆ ತಾಗುತ್ತೆ ಅಂತ ನೋಡಲು ಅದಕ್ಕಿಂತ ಒಳ್ಳೇದಿಲ್ಲ. ಆದರೆ ಮೊದಲು ಸಾಮಾನು ಕೈಗೆ ಬರಲಿ. ವರ್ನಿಯರ್ ಹಿಡಿದು ಅಳೆಯಿರಿ, ಮಾಡೆಲ್ ತಿದ್ದಿ, ಆಮೇಲೆ ಪ್ಲೇಟಿಗೆ ಡ್ರಿಲ್ ಹಾಕಿ.

ನನ್ನ 6.35ರ ಕಪ್ಲಿಂಗ್ ಇನ್ನೂ ಡ್ರಾಯರಿನಲ್ಲೇ ಇದೆ. ಬೇಕಾದವರು ಬಂದು ಒಯ್ಯಿರಿ, ಕಾಫಿಯೂ ಕೊಡ್ತೀನಿ.