ಅಮೃತವೆಂದರೂ ಮದ್ಯ ಮದ್ಯವೇ

ಪಶ್ಚಿಮ ಬೆಂಗಳೂರಿನ ರಾಜಾಜಿನಗರಕ್ಕೆ ಆ ಹೆಸರು ಬಂದುದು ಚಕ್ರವರ್ತಿ ರಾಜಗೋಪಾಲಾಚಾರಿಯವರಿಂದ. ಇದೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು 1937ರಲ್ಲಿ ಮದ್ರಾಸ್ ಪ್ರಾಂತದ ಆಡಳಿತದ ಚುಕ್ಕಾಣಿ ಹಿಡಿದ ಕೆಲವೇ ತಿಂಗಳುಗಳಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೆ ತಂದರು. ಅಬಕಾರಿಯ ಆದಾಯ ಹೋದರೆ ಸರಕಾರ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ 1939ರಲ್ಲಿ ಮಾರಾಟ ತೆರಿಗೆಯ ಮೂಲಕ ಉತ್ತರವನ್ನೂ ಕಂಡುಕೊಂಡರು. ಅಂತಹ ವ್ಯಕ್ತಿಯ ಹೆಸರನ್ನು ಹೊತ್ತ ಬಡಾವಣೆಯಲ್ಲಿಯೇ ಇಂದು, ಭಾರತದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಜಗತ್ತಿಗೆ ಪರಿಚಯಿಸಿದ ಅಮೃತ್ ಡಿಸ್ಟಿಲರೀಸ್‌ನ ಕಚೇರಿ ಇದೆ. ಅದರ ಭಟ್ಟಿಗಳು ಉರಿಯುತ್ತಿರುವುದು ಅನತಿ ದೂರದ ಕೆಂಗೇರಿ ಬಳಿಯ ಕಂಬೀಪುರದಲ್ಲಿ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದ್ದೀತು?

1948ರಲ್ಲಿ ಸ್ಥಾಪನೆಯಾದ ಈ ಕಂಪೆನಿಯ ಮೇಲೆ ನಮಗೆ ಯಾವ ಖಾಸಗಿ ಹಗೆತನವೂ ಇಲ್ಲ. ಅದು ದೇಶದ ಕಾನೂನಿಗೆ ಒಳಪಟ್ಟು ವ್ಯಾಪಾರ ಮಾಡುತ್ತಿದೆ. 2004ರ ಆಗಸ್ಟ್‌ನಲ್ಲಿ ಅದು ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು. ಜಿಮ್ ಮರ್ರೇ ಎಂಬ ಆಂಗ್ಲ ವಿಮರ್ಶಕ ತನ್ನ 2010ರ ವಾರ್ಷಿಕ ಗ್ರಂಥದಲ್ಲಿ ಅದರ ‘ಫ್ಯೂಷನ್’ ಎಂಬ ವಿಸ್ಕಿಗೆ ನೂರಕ್ಕೆ 97 ಅಂಕಗಳನ್ನಿತ್ತು ಜಗತ್ತಿನಲ್ಲಿಯೇ ಮೂರನೆಯ ಸ್ಥಾನ ಕೊಟ್ಟ. ಅಂದಿನಿಂದ ಇದನ್ನು ನಾಡಿನ ಹೆಮ್ಮೆಯೆಂದು ಕೊಂಡಾಡುವವರು ಹೆಚ್ಚಿದ್ದಾರೆ. ಸ್ಕಾಟರನ್ನು ಅವರದೇ ನೆಲದಲ್ಲಿ ಸೋಲಿಸಿದೆವೆಂಬ ಸಂಭ್ರಮ ಅವರದು. ಈ ಸಂಭ್ರಮವು ನಮ್ಮ ಮನೆಗಳ ಹೊಸ್ತಿಲನ್ನೂ ದಾಟಿರುವುದರಿಂದಲೇ ನಾವು ಈ ಕುರಿತು ಬರೆಯಬೇಕಾಗಿ ಬಂದಿದೆ.

ಕೆಲವು ದಿನಗಳ ಹಿಂದೆ ವಿಜಯನಗರದ ಹಿರಿಯರೊಬ್ಬರು ನಮ್ಮನ್ನು ಭೇಟಿಯಾದರು. ಮೂವತ್ತು ವರ್ಷ ಸರಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ಐದು ಹೊತ್ತಿನ ನಮಾಝನ್ನು ತಪ್ಪಿಸಿದವರಲ್ಲ. ಮಗ ಇಂಜಿನಿಯರ್, ಕೈತುಂಬ ಸಂಬಳ. ಆತನ ಕಪಾಟಿನಲ್ಲಿ ಅವರಿಗೆ ಸಣ್ಣ ಸಣ್ಣ ಬಾಟಲಿಗಳ ಒಂದು ಸಾಲು, ಕೆಳಗೆ ಉಬ್ಬಿ ಮೇಲೆ ಕಿರಿದಾದ ನಾಲ್ಕು ಗಾಜಿನ ಲೋಟಗಳು ಮತ್ತು ಒಂದು ನೋಟುಪುಸ್ತಕ ಸಿಕ್ಕಿದವು. ಪುಟ ಪುಟದಲ್ಲಿಯೂ ಅಂದವಾದ ಅಕ್ಷರಗಳಲ್ಲಿ ಹೆಸರು, ದಿನಾಂಕ, ಅಂಕ. ಪರಿಮಳಕ್ಕೆ ಇಪ್ಪತ್ತೈದು, ನಾಲಗೆಯ ಮೇಲಿನ ರುಚಿಗೆ ಇಪ್ಪತ್ತೈದು, ನುಂಗಿದ ಬಳಿಕ ಗಂಟಲಲ್ಲಿ ಉಳಿಯುವುದಕ್ಕೆ ಇಪ್ಪತ್ತೈದು, ಒಟ್ಟು ಹೊಂದಿಕೆಗೆ ಇಪ್ಪತ್ತೈದು. ಒಂದರಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ, ಇನ್ನೊಂದರಲ್ಲಿ ಜೇನು, ಮತ್ತೊಂದರಲ್ಲಿ ಹೊಗೆ. ಎರಡು ಹನಿ ನೀರು ಬೆರೆಸಿದಾಗ ಏನಾಯಿತು ಎಂಬುದನ್ನೂ ಬರೆದಿಟ್ಟಿದ್ದ. ಮಗನನ್ನು ಕೇಳಿದಾಗ ಆತ ಸಿಟ್ಟಾಗಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. “ಅಬ್ಬಾ, ನಾನು ಕುಡುಕನಲ್ಲ. ತೂರಾಡಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ರುಚಿ ನೋಡುತ್ತೇನೆ, ಹೋಲಿಸುತ್ತೇನೆ, ಅಷ್ಟೆ. ಇದೊಂದು ವಿದ್ಯೆ” ಎಂದನಂತೆ. “ಬೇಟಾ, ಬಾಟಲಿಗಳಿಗೆಲ್ಲ ನೀನು ಅಂಕ ಕೊಡುತ್ತೀ. ನಿನಗೆ ಅಂಕ ಕೊಡುವವನೊಬ್ಬನಿದ್ದಾನಲ್ಲ!” ಎಂದಷ್ಟೇ ಹೇಳಿ ಆ ತಂದೆ ಕೋಣೆಯಿಂದ ಹೊರಬಂದರಂತೆ. ನಮ್ಮೆದುರು ಅವರ ಕಣ್ಣುಗಳು ತುಂಬಿದ್ದವು.

ಆ ಯುವಕನ ವಾದವನ್ನು ನಾವು ಗಂಭೀರವಾಗಿಯೇ ಪರಿಗಣಿಸೋಣ. ಏಕೆಂದರೆ ಆತ ಒಬ್ಬನೇ ಅಲ್ಲ.

ಆತನ ಮೊದಲ ವಾದ, ಇದು ಕುಡಿತವಲ್ಲ, ಅಭಿರುಚಿ ಎಂಬುದು. ಹಾಗಾದರೆ ಕೂಲಿ ಮುಗಿಸಿ ಬಂದು ಕಾಲುಬಾಟಲಿ ಅಗ್ಗದ ಮದ್ಯವನ್ನು ಗಟಗಟನೆ ಇಳಿಸುವವನು ಕುಡುಕ. ಸಾವಿರಾರು ರೂಪಾಯಿಯ ಬಾಟಲಿಯಿಂದ ಗುಟುಕು ಗುಟುಕಾಗಿ ಹೀರುವವನು ರಸಿಕ! ಇಬ್ಬರ ರಕ್ತಕ್ಕೂ ಸೇರುವುದು ಅದೇ ಆಲ್ಕೋಹಾಲ್. ಯಕೃತ್ತಿಗೆ ಬಾಟಲಿಯ ಬೆಲೆ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿತು. ಅಪಾಯವಿಲ್ಲದ ಪ್ರಮಾಣವೆಂಬುದು ಮದ್ಯಕ್ಕೆ ಇಲ್ಲವೆಂದು ಅದೇ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. 2019ರ ಒಂದೇ ವರ್ಷದಲ್ಲಿ ಮದ್ಯದಿಂದಾಗಿ ಜಗತ್ತಿನಲ್ಲಿ ಸತ್ತವರು 26 ಲಕ್ಷ ಮಂದಿಯೆಂಬುದು ಅದರ ಅಂದಾಜು. ಅಧಿಕ ಪ್ರಮಾಣದಲ್ಲಿ ಅಮಲೇರಿಸುವ ವಸ್ತುವಿನ ಅಲ್ಪ ಪ್ರಮಾಣವೂ ನಿಷಿದ್ಧವೆಂದು ಪ್ರವಾದಿ ಮುಹಮ್ಮದ್(ಸ)ರು ಹದಿನಾಲ್ಕು ಶತಮಾನಗಳ ಹಿಂದೆಯೇ ಕಲಿಸಿದ್ದರು. ಮದ್ಯದಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂಬುದನ್ನು ಪವಿತ್ರ ಕುರ್‌ಆನ್ ನಿರಾಕರಿಸಲಿಲ್ಲ. ಅದರ ಕೆಡುಕು ಪ್ರಯೋಜನಕ್ಕಿಂತ ದೊಡ್ಡದೆಂದು ತೂಗಿ ಹೇಳಿತು. ಕಿತ್ತಳೆಯ ಪರಿಮಳವಾಗಲಿ, ಜೇನಿನ ಸವಿಯಾಗಲಿ ಆ ತಕ್ಕಡಿಯನ್ನು ಬದಲಾಯಿಸುವುದಿಲ್ಲ.

ಎರಡನೆಯ ವಾದ ಇನ್ನಷ್ಟು ಸೂಕ್ಷ್ಮ. ಓದಿದ ಯುವಕರು ಎಲ್ಲಿಂದಲೋ ಹೆಕ್ಕಿ ತಂದು ಇದನ್ನು ಮುಂದಿಡುತ್ತಾರೆ. ಕುರ್‌ಆನ್ ನಿಷೇಧಿಸಿದ ‘ಖಮ್ರ್’ ದ್ರಾಕ್ಷಿಯ ಮದ್ಯ. ಸಿಂಗಲ್ ಮಾಲ್ಟ್ ಆದರೋ ಒಂದೇ ಭಟ್ಟಿಯಲ್ಲಿ ಮೊಳಕೆಯೊಡೆದ ಬಾರ್ಲಿಯಿಂದ ಮಾತ್ರ ತಯಾರಾದದ್ದು. ಧಾನ್ಯದ ಪಾನೀಯದ ಕುರಿತು ಇಮಾಮ್ ಅಬೂ ಹನೀಫಾ(ರ)ರಿಗೆ ಭಿನ್ನ ಅಭಿಪ್ರಾಯವಿತ್ತಲ್ಲವೇ ಎಂದು ಕೇಳುತ್ತಾರೆ. ಅರ್ಧ ಜ್ಞಾನವು ಅಜ್ಞಾನಕ್ಕಿಂತ ಅಪಾಯಕಾರಿ. ಕೂಫಾದ ವಿದ್ವಾಂಸರಲ್ಲಿ ಆ ಚರ್ಚೆ ಇದ್ದುದು ನಿಜ. ಆದರೆ ಅಮಲೇರಿಸುವ ಪ್ರಮಾಣವನ್ನು ಅವರಲ್ಲಿ ಯಾರೂ ಅನುಮತಿಸಿರಲಿಲ್ಲ. ಮೋಜಿಗಾಗಿ, ಮನೋರಂಜನೆಗಾಗಿ ಕುಡಿಯುವುದನ್ನಂತೂ ಅವರು ಆ ವಿನಾಯಿತಿಯಿಂದ ಹೊರಗಿಟ್ಟಿದ್ದರು. ರುಚಿ ನೋಡಿ ಅಂಕ ಕೊಡುವುದು ಮೋಜಲ್ಲದೆ ಮತ್ತೇನು? ಅವರ ಶಿಷ್ಯರಾದ ಇಮಾಮ್ ಮುಹಮ್ಮದ್ ಅಶ್ಶೈಬಾನೀ(ರ)ರು ಅಲ್ಪವೂ ನಿಷಿದ್ಧವೆಂದರು. ನಂತರದ ಹನಫೀ ವಿದ್ವಾಂಸರು ಫತ್ವಾ ನೀಡಿದ್ದು ಅದರ ಮೇಲೆಯೇ. ಉಳಿದ ಮೂರು ಮದ್‌ಹಬ್‌ಗಳ ನಿಲುವೂ ಅದುವೇ. ಯಮನಿನ ಜನರ ಬಾರ್ಲಿ ಪಾನೀಯದ ಕುರಿತು ಪ್ರವಾದಿ(ಸ)ರನ್ನು ಕೇಳಲಾದಾಗ, ಅಮಲೇರಿಸುವುದೆಲ್ಲವೂ ಹರಾಮ್ ಎಂದು ಅವರು ಉತ್ತರಿಸಿದ್ದರು. ಹಝ್ರತ್ ಉಮರ್(ರ)ರು ಮಿಂಬರ್‌ನ ಮೇಲೆ ನಿಂತು ಖಮ್ರ್‌ನ ಮೂಲಗಳನ್ನು ಎಣಿಸಿದಾಗ ದ್ರಾಕ್ಷಿ, ಖರ್ಜೂರ, ಜೇನು, ಗೋಧಿಗಳ ಜೊತೆ ಬಾರ್ಲಿಯನ್ನೂ ಹೆಸರಿಸಿದರು. ಇನ್ನು ಯಾವ ಸಂದೇಹ ಉಳಿಯಿತು?

ಹೆಸರುಗಳ ಮೋಸವನ್ನಂತೂ ಗಮನಿಸಿ. ವಿಸ್ಕಿ ಎಂಬ ಪದದ ಮೂಲಾರ್ಥ ‘ಜೀವಜಲ’. ನಮ್ಮೂರಿನ ವಿಸ್ಕಿಗೆ ಇಟ್ಟ ಹೆಸರು ‘ಅಮೃತ’. ಪೀಪಾಯಿಯಲ್ಲಿಟ್ಟ ವಿಸ್ಕಿ ಆವಿಯಾಗಿ ಕಡಿಮೆಯಾದರೆ ಅದಕ್ಕೆ ‘ಮಲಕ್‌ಗಳ ಪಾಲು’ ಎನ್ನುತ್ತಾರಂತೆ! ಸ್ಕಾಟ್‌ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುವುದು, ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನ ಬೆಚ್ಚನೆಯ ಹವೆಯಲ್ಲಿ ಶೇ. 10ನ್ನೂ ಮೀರುತ್ತದೆ. ಅಂದರೆ ನಾಲ್ಕು ವರ್ಷಗಳಲ್ಲಿ ಪೀಪಾಯಿಯ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಗಾಳಿಯ ಪಾಲು. ಇದು ಉಷ್ಣದ ನಿಯಮ, ಅದರಲ್ಲಿ ಮಲಕ್‌ಗಳಿಗೇನು ಕೆಲಸ? ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದ ಬಾಯಿಯ ವಾಸನೆಯಿಂದಲೂ ಮಲಕ್‌ಗಳಿಗೆ ತೊಂದರೆಯಾಗುತ್ತದೆ, ಹಾಗೆ ಮಸೀದಿಗೆ ಬರಬೇಡಿ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅಂತಹ ಪರಿಶುದ್ಧ ದೇವಚರರು ಮದ್ಯದಲ್ಲಿ ಪಾಲು ಕೇಳುತ್ತಾರೆಯೇ? ಮುಂದೊಂದು ಕಾಲದಲ್ಲಿ ಜನರು ಮದ್ಯಕ್ಕೆ ಬೇರೆ ಹೆಸರನ್ನಿಟ್ಟು ಕುಡಿಯುವರೆಂದು ಪ್ರವಾದಿ(ಸ)ರು ಎಚ್ಚರಿಸಿದ್ದರು. ಆ ಕಾಲವು ಬಂದಿದೆಯೆನ್ನಲು ನಮಗೆ ಬೇರೆ ಸಾಕ್ಷಿ ಬೇಕೇ?

ಮೂರನೆಯ ವಾದವನ್ನು ಮಾತ್ರ ನಾವು ಹಗುರವಾಗಿ ತಳ್ಳಿಹಾಕಲಾರೆವು. ಕಚೇರಿಯಲ್ಲಿ ಶುಕ್ರವಾರ ಸಂಜೆ ಎಲ್ಲರೂ ಕೂಡುವ ಮೇಜಿನಲ್ಲಿ ಕೂರದವನು ಹೊರಗಿನವನಾಗುತ್ತಾನೆ, ಬಡ್ತಿಯ ಮಾತುಗಳು ಅಲ್ಲಿಯೇ ನಡೆಯುತ್ತವೆ ಎಂದು ಯುವಕರು ಹೇಳುತ್ತಾರೆ. ಹೆಸರೊಂದರಿಂದಲೇ ಬಾಡಿಗೆ ಮನೆ ಸಿಗದ ನಗರದಲ್ಲಿ, ಸ್ವೀಕೃತನಾಗಬೇಕೆಂಬ ಆ ತುಡಿತ ನಮಗೆ ಅರ್ಥವಾಗುತ್ತದೆ. ಆದರೆ ಲೋಟವೊಂದು ತಂದುಕೊಡುವ ಗೌರವ ಲೋಟ ಬರಿದಾಗುವವರೆಗೆ ಮಾತ್ರ. ಪ್ರಾಮಾಣಿಕತೆ ಮತ್ತು ದುಡಿಮೆಗಳಿಂದ ಗಳಿಸಿದ ಗೌರವಕ್ಕೆ ಅಂತಹ ಅವಧಿಯಿಲ್ಲ. ಅದೇ ಮೇಜಿನಲ್ಲಿ ನಿಂಬೆರಸ ಕುಡಿದು ಎದ್ದು ಬರುವ ಯುವಕರೂ ನಮ್ಮಲ್ಲಿದ್ದಾರೆ. ಅವರನ್ನು ನಾವು ಎಂದಾದರೂ ಬೆನ್ನುತಟ್ಟಿದ್ದೇವೆಯೇ?

ಇನ್ನು ಸರಕಾರದ ಕಡೆಗೆ ನೋಡೋಣ. ಮಾದಕ ಪಾನೀಯಗಳನ್ನು ನಿಷೇಧಿಸಲು ಸರಕಾರ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ನಿರ್ದೇಶಿಸುತ್ತದೆ. ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳು ಬಂದವು. ಬಡವನ ಜೇಬಿಗೆ ಬಿದ್ದ ಕತ್ತರಿ ಇನ್ನಷ್ಟು ಹರಿತವಾಯಿತು. 2023ರ ಜುಲೈ ಬಜೆಟ್‌ನಲ್ಲಿ ಮದ್ಯದ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಲಾಯಿತು. ಮುಂದಿನ ತಿಂಗಳೇ ಗೃಹಲಕ್ಷ್ಮಿಯ 2,000 ರೂ. ಮನೆಯೊಡತಿಯ ಖಾತೆಗೆ ಬರತೊಡಗಿತು. ಹೆಂಡತಿಯ ಖಾತೆಗೆ ಹಾಕಿದ್ದನ್ನು ಗಂಡನ ಜೇಬಿನಿಂದ ವಾಪಸು ಪಡೆಯುವುದು ಯಾವ ನ್ಯಾಯ? 2024ರ ಆಗಸ್ಟ್‌ನಲ್ಲಿ ದುಬಾರಿ ಮದ್ಯಗಳ ಸುಂಕವನ್ನು ಇಳಿಸಲಾಯಿತು. ಶ್ರೀಮಂತನು ನೆರೆರಾಜ್ಯಕ್ಕೆ ಹೋಗಿ ಕೊಳ್ಳಬಾರದಲ್ಲ! 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ವಿಧಿಸಿದ ಗುರಿ 40,000 ಕೋಟಿ ರೂ. ರಾಜ್ಯದ ಜನಸಂಖ್ಯೆಯನ್ನು ಏಳು ಕೋಟಿಯೆಂದು ಹಿಡಿದರೂ, ತೊಟ್ಟಿಲ ಕೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ತಲೆಗೆ ಸುಮಾರು 5,700 ರೂ. ಕುಡಿತಕ್ಕೆ ಗುರಿ ನಿಗದಿಪಡಿಸುವ ಸರಕಾರ ಕುಡಿತ ಬಿಡಿಸೀತೇ?

2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ, ಆದರೆ ಅವರ ಕಣ್ಣೀರು ನಮ್ಮ ಸಹೋದರಿಯರ ಕಣ್ಣೀರಿಗಿಂತ ಬೇರೆಯಲ್ಲ. ಆ ನಡಿಗೆಯಲ್ಲಿ ನಮ್ಮ ಎಷ್ಟು ಸಂಘಟನೆಗಳು, ಎಷ್ಟು ಜಮಾಅತ್‌ಗಳು ಅವರೊಡನೆ ಹೆಜ್ಜೆ ಹಾಕಿದವು? ಕೆಡುಕನ್ನು ತಡೆಯುವ ಹೊಣೆ ಹೊತ್ತ ಸಮುದಾಯವೆಂದು ಹೇಳಿಕೊಳ್ಳುವ ನಾವು ರಸ್ತೆಯ ಬದಿಯಲ್ಲಿ ನಿಂತು ನೋಡಿದೆವೆಂದರೆ ತಪ್ಪಾಗದು.

ನಮ್ಮ ಮನೆಯ ಕಸವನ್ನೂ ನಾವೇ ಗುಡಿಸಬೇಕು. ಜುಮಾ ಖುತ್ಬಾಗಳಲ್ಲಿ ಬೀದಿಯಲ್ಲಿ ಬಿದ್ದ ಬಡ ಕುಡುಕನಿಗೆ ಛೀಮಾರಿ ಹಾಕುತ್ತೇವೆ. ಆದರೆ ಮಸೀದಿಯ ಕಟ್ಟಡಕ್ಕೆ ದೊಡ್ಡ ಮೊತ್ತ ಕೊಟ್ಟವರ ಮಗನ ಮದುವೆಯಲ್ಲಿ ಹಿಂದಿನ ಕೋಣೆಯ ಬಾಗಿಲು ಏಕೆ ಮುಚ್ಚಿದೆಯೆಂದು ಕೇಳುವುದಿಲ್ಲ. ಗುಟ್ಕಾ, ಗಾಂಜಾ, ನೋವಿನ ಮಾತ್ರೆಗಳು ನಮ್ಮ ಮೊಹಲ್ಲಾಗಳ ಮಕ್ಕಳನ್ನು ನುಂಗುತ್ತಿರುವಾಗ, ‘ಮದ್ಯವಲ್ಲವಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಹೆಸರು ಬದಲಾಯಿಸಿ ಹರಾಮನ್ನು ಸಹಿಸುವ ರೋಗ ಸಿಂಗಲ್ ಮಾಲ್ಟ್‌ನ ರಸಿಕರದು ಮಾತ್ರವಲ್ಲ.

ಹಾಗಾದರೆ ಮಾಡಬೇಕಾದುದೇನು? ಯಾರ ಅಂಗಡಿಗೂ ಕಲ್ಲೆಸೆಯಬೇಕೆಂದು ನಾವು ಹೇಳುವುದಿಲ್ಲ; ಅದು ಕಾನೂನಿಗೂ ಧರ್ಮಕ್ಕೂ ವಿರುದ್ಧ. ವಸತಿ ಪ್ರದೇಶಗಳಲ್ಲಿ ಮದ್ಯದಂಗಡಿ ಬೇಡವೆನ್ನುವ ನೆರೆಹೊರೆಯವರೊಡನೆ ಸಹಿ ಹಾಕೋಣ. ಬೇಡವೆನ್ನುವ ಅಧಿಕಾರವನ್ನು ಗ್ರಾಮಸಭೆಗಳಿಗೆ, ವಾರ್ಡುಗಳಿಗೆ ಕೊಡಬೇಕೆಂದು ಒತ್ತಾಯಿಸೋಣ. ವ್ಯಸನಕ್ಕೆ ಬಿದ್ದವರನ್ನು ಬೈಯುವ ಬದಲು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ದಾರಿ ತೋರಿಸೋಣ. ಹಿಂದಿರುಗಿದವರಿಗೆ ಸಫ್‌ನಲ್ಲಿ ಜಾಗ ಕೊಡೋಣ.

ವಿಜಯನಗರದ ಆ ತಂದೆ ಕೊನೆಗೆ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ. “ಮಗನನ್ನು ಮನೆಯಿಂದ ಹೊರಹಾಕಲೇ?” ಬೇಡವೆಂದೆವು. ಮತ್ತೆ ಮತ್ತೆ ಮದ್ಯಪಾನದ ಅಪರಾಧದಲ್ಲಿ ಸಿಕ್ಕಿಬಿದ್ದ ಒಬ್ಬಾತನನ್ನು ಸಹಾಬಿಯೊಬ್ಬರು ಶಪಿಸಿದಾಗ ಪ್ರವಾದಿ(ಸ)ರು ಅವರನ್ನು ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನು ಎಂದರು. ನಿಮ್ಮ ಮಗ ನಿಮ್ಮೊಡನೆ ಸುಳ್ಳಾಡಲಿಲ್ಲ. ಬಾಗಿಲು ಇನ್ನೂ ಮುಚ್ಚಿಲ್ಲ, ನೀವೂ ಮುಚ್ಚಬೇಡಿ ಎಂದೆವು.

ನಿಷೇಧದ ಆಜ್ಞೆ ಬಂದ ದಿನ ಮದೀನಾದ ಮನೆಯೊಂದರಲ್ಲಿ ಬಾಲಕ ಅನಸ್(ರ)ರು ಅತಿಥಿಗಳಿಗೆ ಖರ್ಜೂರದ ಮದ್ಯವನ್ನು ಹಂಚುತ್ತಿದ್ದರು. ಘೋಷಣೆ ಕಿವಿಗೆ ಬಿದ್ದೊಡನೆ ಅದನ್ನು ಹೊರಗೆ ಚೆಲ್ಲಲಾಯಿತು. ಬೀದಿಗಳಲ್ಲಿ ಮದ್ಯ ಹರಿಯಿತು. ಕೊನೆಯದಾಗಿ ಒಮ್ಮೆ ರುಚಿ ನೋಡುತ್ತೇವೆಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಅವರಿಗೂ ನಾಲಗೆಯಿತ್ತು, ಅವರೂ ರುಚಿ ಬಲ್ಲವರಾಗಿದ್ದರು. ಆ ನೋಟುಪುಸ್ತಕದ ಯುವಕನೂ, ಅವನಂತಹ ನಮ್ಮ ಎಲ್ಲ ಮಕ್ಕಳೂ ಇದನ್ನೊಮ್ಮೆ ಏಕಾಂತದಲ್ಲಿ ಆಲೋಚಿಸಲಿ. ಅಲ್ಲಾಹನು ನಮ್ಮೆಲ್ಲರಿಗೂ ಸನ್ಮಾರ್ಗವನ್ನು ಅನುಗ್ರಹಿಸಲಿ.